ಅರ್ಧಕ್ಕೆ ಇಳಿಸಿದ ನೀರು

"ಗುರುಗಳೇ, ತಿಳಿಯದೆ ಮಾಡಿದ ತಪ್ಪು ಮನುಷ್ಯನನ್ನು ಕಾಡುತ್ತದೆಯೇ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು:

ಒಬ್ಬ ನೇಕಾರನಿದ್ದ. ಅವನ ಹೆಂಡತಿ ದಿನಾ ಬೆಳಿಗ್ಗೆ ಕೆರೆಯಿಂದ ನೀರು ತರುತ್ತಿದ್ದಳು. ಮಳೆ ನೀರು ನಿಂತ ಕೆರೆ. ನೀರು ಕೆಂಪಗಿರುತ್ತಿತ್ತು. ಹಳೆ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಸೋಸುತ್ತಿದ್ದಳು. ದಾರಿಯಲ್ಲಿ ಓಣಿಯ ಹೆಂಗಸರೆಲ್ಲ ಜೊತೆ. ಮೊದಲು ಅವರ ನಗು ಮನೆಗೆ ಬರುತ್ತಿತ್ತು, ಆಮೇಲೆ ಕೊಡ ಬರುತ್ತಿತ್ತು. ಆ ನಗು ಕೇಳಿದ ಮೇಲೇ ಅವನು ಮಗ್ಗಕ್ಕೆ ಇಳಿಯುತ್ತಿದ್ದ. ಅಂಥ ಬೆಳಗುಗಳು ಆಗ ಬೇಕಾದಷ್ಟಿದ್ದವು.

ಅವಳಿಗೆ ನಡೆಯುವ ಕಷ್ಟ ತಪ್ಪಲಿ ಎಂದು ಮನೆ ಮುಂದೆ ಬೋರ್‌ವೆಲ್ ಹಾಕಿಸಿದ. ನೀರು ಕನ್ನಡಿಯಂತೆ ಬಂತು. ಕೆರೆಗೆ ಹೋಗುವುದು ನಿಂತಿತು.

ಹತ್ತು ವರ್ಷಕ್ಕೆ ಅವಳ ಮಂಡಿ ಬಿಗಿಯಿತು. ಬೆನ್ನು ಬಾಗಿತು. ಕತ್ತು ತಿರುಗದಾಯಿತು, ಯಾರಾದರೂ ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತಿದ್ದಳು. ಅವನು ಹೆದರಿದ. ಕಷಾಯ ಇಳಿಸುವುದು ಅವನಿಗೆ ಗೊತ್ತಿತ್ತು. ಅದೇ ಥರ ನೀರನ್ನೂ ಅರ್ಧಕ್ಕೆ ಇಳಿಯುವ ತನಕ ಕುದಿಸಿ, ಆರಿಸಿ ಅವಳಿಗೆ ಕೊಟ್ಟ. ತಾನು ಹಸಿ ನೀರು ಕುಡಿದ.

"ಇಷ್ಟು ಉಪಚಾರ ಮದುವೆ ಹೊಸದರಲ್ಲಿ ಮಾಡಿದ್ದಿದ್ರೆ ತವರಿಗೆಲ್ಲ ಹೇಳ್ಕೊಂಡು ಬರ್ತಿದ್ದೆ," ಎಂದು ಅವಳು ಚುಚ್ಚುತ್ತಿದ್ದಳು.

ಎರಡು ವರ್ಷ ಹೀಗೇ ನಡೆಯಿತು. ಒಂದು ದಿನ ನೀರು ಪರೀಕ್ಷೆ ಮಾಡುವ ಹೆಂಗಸು ಊರಿಗೆ ಬಂದಳು. ಬೋರ್‌ವೆಲ್ ನೀರನ್ನು ಸೀಸೆಯಲ್ಲಿ ಹಿಡಿದು ನೋಡಿದಳು.

"ಇದರಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಮೂಳೆ ಹಿಡಿಯೋದು ಇದೇ. ಕುಡೀಬೇಡಿ."

"ಅರ್ಧಕ್ಕೆ ಇಳಿಸಿ ಕಾಯಿಸಿ ಕೊಡ್ತೀನಮ್ಮ."

"ಕಾಯಿಸಿದ್ರೆ ನೀರು ಆವಿಯಾಗಿ ಹೋಗುತ್ತೆ, ಅದು ಹೋಗಲ್ಲ. ಅರ್ಧ ಲೋಟದಲ್ಲಿ ಒಂದು ಲೋಟದ ಫ್ಲೋರೈಡ್ ಸೇರುತ್ತೆ. ಮಳೆ ನೀರು ಕೊಡಿ."

"ಬೆನ್ನು ನೆಟ್ಟಗಾಗುತ್ತಾ?"

"ಬಾಗಿದ್ದು ಬಾಗಿದ್ದೇ. ಇನ್ನೂ ಬಾಗದ ಹಾಗೆ ನೋಡ್ಕೊಳ್ಳಿ."

ಅವನು ಒಳಗೆ ಬಂದ. ಒಲೆಯ ಮೇಲೆ ನೀರು ಕುದಿದು ಇಳಿದಿತ್ತು. ಅವಳು ಕೈ ಚಾಚಿದಳು. ಹೇಳಬೇಕು. ಹೇಳಿದರೆ ಅವಳ ಬೆನ್ನು ಬಗ್ಗಿಸಿದವನು ತಾನೇ ಎಂದಾಗುತ್ತದೆ. ಆರಿಸಿ ಲೋಟ ಕೊಟ್ಟ. ಮರುದಿನವೂ ಕೊಟ್ಟ. ಅದರ ಮರುದಿನವೂ ಕೊಟ್ಟ.

ನಾಲ್ಕನೆಯ ದಿನ ಬೆಳಿಗ್ಗೆ ತಾನೇ ಕೊಡ ಎತ್ತಿಕೊಂಡು ಕೆರೆಗೆ ಹೋದ. ನೀರು ತಂದಿಟ್ಟು, ಎಲ್ಲ ಹೇಳಿದ.

"ಅದಕ್ಕೇನಾ ಮೂರು ದಿನದಿಂದ ನನ್ನ ಮುಖ ನೋಡ್ತಿಲ್ಲ," ಎಂದಳು ಅವಳು. ಆಮೇಲೆ, "ಸೋಸಿದ್ರಾ? ಬಟ್ಟೆ ನಾಲ್ಕು ಮಡಿಕೆ ಮಾಡ್ಬೇಕು."

ಅವಳು ಇನ್ನೂ ಐದು ವರ್ಷ ಇದ್ದಳು. ಬೆನ್ನು ಹಾಗೇ ಇತ್ತು. ದಿನಾ ಬೆಳಿಗ್ಗೆ ಅವನೇ ನೀರು ತಂದ. ಈಗ ಒಬ್ಬನಿಗೆ ಒಂದು ಕೊಡ ಸಾಕು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಯಿತು.

"ಹಾಗಾದರೆ ಅವನ ತಪ್ಪಿಲ್ಲ. ಹನ್ನೆರಡು ವರ್ಷ ಅವನಿಗೆ ತಿಳಿದೇ ಇರಲಿಲ್ಲವಲ್ಲ," ಎಂದ.

ಗುರುಗಳು ಅಂದರು: "ಅವನು ಇವತ್ತಿಗೂ ಅಳುವುದು ಆ ಮೂರು ದಿನಕ್ಕಪ್ಪ."