ಕೊಟ್ಟಿಗೆಯಲ್ಲಿ ಬೀಸಿದ ಬಿರುಗಾಳಿ

ಹತ್ತಿರ ಸರಿದು ಕೂತ್ಕೊಳ್ಳಿ ಮಕ್ಕಳಾ, ಆಕಳಿಸೋರು ಹಿಂದಕ್ಕೆ ಹೋಗಿ. ಒಂದು ರಾಜ್ಯದಲ್ಲಿ ಹಾಲಪ್ಪ ಅಂತ ಒಬ್ಬನಿದ್ದ. ಅವನಿಗೆ ಗಟ್ಟಿ ಮನೆಯಿತ್ತು, ಕೊಟ್ಟಿಗೆ ತುಂಬ ಹುಲ್ಲಿತ್ತು, ನೀಲವ್ವ ಅನ್ನೋ ಒಳ್ಳೇ ಹೆಂಡತಿಯಿದ್ದಳು. ನೆಮ್ಮದಿ ಮಾತ್ರ ಇರಲಿಲ್ಲ. ಪಕ್ಕದವರಿಗೆ ಒಂದು ಒಳ್ಳೇದಾದರೆ ಸಾಕು, ಅವನ ಹೊಟ್ಟೆ ಧಗಧಗ ಉರೀತಿತ್ತು.

ಒಂದು ಸೋಮವಾರ ಬಿರುಗಾಳಿ ಬೀಸಿತು. ಅಬ್ಬಬ್ಬಾ, ಅದೇನು ಗಾಳಿ! ಪಕ್ಕದ ಮನೆಯ ದುರುಗವ್ವನ ಹೆಂಚೆಲ್ಲ ಹಾರಿ ಅಂಗಳದ ಕೆಸರಿಗೆ ಬಿದ್ದು ಚೂರಾದವು. ಪಾಪ, ಒಂಟಿ ಹೆಂಗಸು. ಹಾಲಪ್ಪನ ಸೂರಿನಲ್ಲಿ ಒಂದು ಹೆಂಚೂ ಅಲುಗಲಿಲ್ಲ.

ಗಾಳಿಗೆ ಸೂರು ಹೋದವರಿಗೆ ಆ ರಾಜ್ಯದಲ್ಲಿ ಅರಮನೆಯಿಂದಲೇ ಹೆಂಚು ಬರುತ್ತಿತ್ತು. ಹೊದಿಸೋಕೆ ಊರೆಲ್ಲ ಕೈಜೋಡಿಸುತ್ತಿತ್ತು. ಮಂಗಳವಾರ ಅರಮನೆಯ ಆಳು ಚಿಕ್ಕೀರ ಗಾಡಿ ಹೊಡೆದುಕೊಂಡು ದುರುಗವ್ವನ ಮನೆಗೆ ಬಂದ. ಹಾಲಪ್ಪ ಹೊರಗೆ ಬಂದು ನೋಡಿದ, ಹೊಸ ಬಿದಿರು. ಹಲ್ಲು ಕಡಿದು ಒಳಗೆ ಹೋದ. ಮತ್ತೆ ಬಂದು ನೋಡಿದ, ಕೆಂಪನೆಯ ಹೊಸ ಹೆಂಚು. ಹಲ್ಲು ಕಡಿದು ಒಳಗೆ ಹೋದ. ಮೂರನೇ ಸಲ ನೋಡಿದ, ಜನ ಜಗಲಿಯಲ್ಲಿ ಕೂತು ನಗುನಗುತ್ತಾ ಪಾಯಸ ಕುಡೀತಿದ್ದಾರೆ. ಅವನಿಗೆ ತಡೆಯೋಕಾಗಲಿಲ್ಲ.

"ನೋಡೇ, ಅವಳ ಸೂರು ಹೆಂಗೆ ಹೊಳೀತಿದೆ! ನಮ್ಮದು ಪಾಚಿ ಹಿಡಿದು ಕಪ್ಪಗಿದೆ."

"ಕಪ್ಪಗಿದ್ರೇನ್ರೀ, ಸೋರ್ತಿಲ್ಲವಲ್ಲ," ಅಂದಳು ನೀಲವ್ವ. "ಸುಮ್ನೆ ಊಟ ಮಾಡಿ."

ಊಟ ಗಂಟಲಲ್ಲಿ ಇಳಿಯಬೇಕಲ್ಲ! ಬುಧವಾರ ನೀಲವ್ವ ಹೊಲಕ್ಕೆ ಹೋದದ್ದೇ ತಡ, ಈ ಪುಣ್ಯಾತ್ಮ ಸೂರು ಹತ್ತಿ ಒಂದೊಂದೇ ಹೆಂಚು ಇಳಿಸಿದ. ಒಡೆಯೋಕೆ ಜಿಪುಣನಿಗೆ ಮನಸ್ಸು ಬರಲಿಲ್ಲ. ಕೊಟ್ಟಿಗೆಯಲ್ಲಿ ಜೋಡಿಸಿ ಮೇಲೆ ಹುಲ್ಲು ಮುಚ್ಚಿದ. "ಅಯ್ಯೋ, ಸೋಮವಾರದ ಗಾಳಿಗೆ ನನ್ನ ಸೂರೂ ಹೋಯ್ತು" ಅಂತ ಅರಮನೆಗೆ ಹೇಳಿಕಳಿಸಿದ.

ಗುರುವಾರ ಚಿಕ್ಕೀರ ಮತ್ತೆ ಬಂದ. ಬೋಳು ಸೂರು ನೋಡಿದ, ಕೊಟ್ಟಿಗೆಯ ಹುಲ್ಲು ನೋಡಿದ, ಹಾಲಪ್ಪನ ಮುಖ ನೋಡಿದ.

"ಚೂರೆಲ್ಲಿ, ಯಜಮಾನ್ರೇ?"

"ಯಾವ ಚೂರು?"

"ಒಂದು ಬುಟ್ಟಿ ಚೂರಿಗೆ ಒಂದು ಬುಟ್ಟಿ ಹೊಸ ಹೆಂಚು. ಅರಮನೆ ಕುಂಬಾರರು ಚೂರು ಕುಟ್ಟಿ ಮಣ್ಣಿಗೆ ಕಲಸ್ತಾರೆ. ದುರುಗವ್ವ ಎಲ್ಲರೆದುರಿಗೇ ಅಳೆದು ಕೊಟ್ಟಳಲ್ಲ!"

ಆಗ ಹಾಲಪ್ಪ ಒಳಗೆ ಕೂತು ಹಲ್ಲು ಕಡೀತಿದ್ದನಲ್ಲ, ಅವನಿಗೇನು ಗೊತ್ತು?

"ಕೊಟ್ಟಿಗೆಯಲ್ಲಿವೆ! ನೀನು ಮಜ್ಜಿಗೆ ಕುಡೀತಿರು, ಈಗ ತಂದೆ," ಅಂತ ಓಡಿದ.

ಫಟ್! ಫಟಾರ್! ಒಂದು ರಾಶಿ ಒಡೆದು ತಂದ. ಎರಡನೇ ರಾಶಿ ಒಡೆದು ತಂದ. ಮೂರನೇ ರಾಶಿಯನ್ನೂ ಒಡೆದು ತಂದ. ಒಂದು ಇಡೀ ಹೆಂಚೂ ಉಳಿಯಲಿಲ್ಲ. ಚಿಕ್ಕೀರ ನಿಧಾನವಾಗಿ ಮಜ್ಜಿಗೆ ಮುಗಿಸಿ ಒಂದು ಚೂರು ಎತ್ತಿಕೊಂಡ.

"ದುರುಗವ್ವನ ಚೂರಿಗೆಲ್ಲ ಕೆಸರು ಮೆತ್ತಿತ್ತು. ಇದು ಈಗ ತಾನೇ ಒಡೆದು ಒಳಗೆ ಕೆಂಪಗಿದೆ. ಸೋಮವಾರದ ಗಾಳಿ ನಿಮ್ಮ ಕೊಟ್ಟಿಗೆಯಲ್ಲಿ ಇವತ್ತು ಬೀಸ್ತಾ, ಯಜಮಾನ್ರೇ?"

ಅಷ್ಟಂದು ಗಾಡಿ ತಿರುಗಿಸಿಕೊಂಡು ಹೊರಟೇ ಹೋದ. "ನಿನ್ನೆ ಹೊಲದಿಂದ ಬಂದಾಗ್ಲೇ ಬಡಕೊಂಡೆ, ಕೇಳಿದ್ರಾ? ಗಾಳಿ ಮುಟ್ಟದ ಸೂರನ್ನ ನೀವೇ ಕೆಡವಿದ್ರಲ್ರೀ!" ಅಂತ ನೀಲವ್ವ ಹಣೆ ಚಚ್ಚಿಕೊಂಡಳು.

ಸಂಜೆಗೆ ಮಳೆ ಹಿಡಿಯಿತು. ಒಲೆ ನೆನೆಯಿತು, ಹಾಸಿಗೆ ನೆನೆಯಿತು, ಹಾಲಪ್ಪನೂ ನೆನೆದ. ಆಗ ಪಕ್ಕದ ಬಾಗಿಲು ತೆರೆಯಿತು.

"ಹಾಲಪ್ಪಣ್ಣಾ, ನೀಲಕ್ಕಾ, ಅಲ್ಲೇನು ಮಾಡ್ತೀರಿ? ಇಲ್ಲಿಗೆ ಬನ್ನಿ," ಅಂತ ದುರುಗವ್ವ ಕರೆದಳು.

ಹಾಲಪ್ಪ ಹೋಗಿ ಅದೇ ಸೂರಿನಡಿ ಕೂತ. ಬಿಸಿ ಗಂಜಿ ಕೈಗೆ ಬಂತು. ಮೇಲೆ ನೋಡಿದ, ಒಂದು ಹನಿಯೂ ಸೋರುತ್ತಿರಲಿಲ್ಲ. ನಾಚಿಕೆಯಿಂದ ಅವನ ಕಣ್ಣು ತುಂಬಿ ಬಂತು.

"ನಿನ್ನ ಸೂರು ಚೆನ್ನಾಗಿದೆ ಕಣವ್ವಾ," ಅಂದ. ಇನ್ನೊಬ್ಬರದ್ದನ್ನ ಚೆನ್ನಾಗಿದೆ ಅಂದದ್ದು ಅವನ ಬಾಳಿನಲ್ಲಿ ಅದೇ ಮೊದಲು.

ತಿಳೀತಾ ಮಕ್ಕಳಾ? ಪಕ್ಕದವರ ಸೂರು ನೋಡಿ ಹೊಟ್ಟೆ ಉರ್ಕೊಂಡವನು ಕೊನೆಗೆ ಕೆಡವೋದು ತನ್ನ ಸೂರನ್ನೇ. ಆಯ್ತು, ಏಳಿ, ನಿಮ್ಮ ನಿಮ್ಮ ಸೂರಿನಡಿ ಹೋಗಿ ಮಲಗಿ.