ಒದ್ದೆ ಕಂಬಳಿಗೆ ತೆರೆದ ಬಾಗಿಲು

“ಬುದ್ಧಿ, ರಕ್ತನಾಳದ ಗೋಡೆ ವೈರಿಗೆ ಯಾಕೆ ದಾರಿ ಬಿಡುತ್ತದೆ?” ಎಂದು ಶಿಷ್ಯ ಮರುಳಪ್ಪ ಗುರುಗಳನ್ನು ಕೇಳಿದ.

ಅವನ ಅಕ್ಕ ಸರ್ವಮಂಗಳೆಯ ಎದೆಯ ಕ್ಯಾನ್ಸರ್ ಗಡ್ಡೆಯನ್ನು ಹಿಂದಿನ ವರ್ಷ ತೆಗೆಸಿದ್ದರು. ಈಗ ಅದೇ ಕ್ಯಾನ್ಸರ್ ಶ್ವಾಸಕೋಶದಲ್ಲಿ ಕಾಣಿಸಿಕೊಂಡಿತ್ತು. ಗಡ್ಡೆಯ ಕಣ ರಕ್ತದಲ್ಲಿ ಸಾಗಿ, ಮೈ ಕಾಯುವ ಬಿಳಿ ರಕ್ತಕಣಗಳ ಹಾಗೆಯೇ ನಾಳದ ಗೋಡೆ ದಾಟಿ ಹೊರಬಂದು ಅಲ್ಲಿ ಬೇರೂರಿದೆ ಎಂದು ವೈದ್ಯರು ತಿಳಿಸಿದ್ದರು. ನರಕ್ಕೆ ಸೂಜಿ ಚುಚ್ಚಿ ರಕ್ತದ ದಾರಿಯಲ್ಲೇ ಮದ್ದು ಏರಿಸಬೇಕು, ತಡ ಮಾಡಬಾರದು ಎಂದೂ ಹೇಳಿದ್ದರು. ಅಕ್ಕ ಒಪ್ಪಲಿಲ್ಲ. ನನ್ನ ಮೈಯೇ ಕಳ್ಳನಿಗೆ ಬಾಗಿಲು ತೆಗೆದಿದೆ, ಇಂಥ ಮೈಗೆ ಇನ್ನು ಯಾವ ಮದ್ದೂ ಬೇಡ ಎಂದು ಮುಖ ತಿರುಗಿಸಿ ಮಲಗಿಬಿಟ್ಟಿದ್ದಳು.

ಗುರುಗಳಿಗೆ ಕೇಳಿ ಸಂಕಟವಾಯಿತು. ಪಾಪ, ಸಿಟ್ಟು ಬರುವುದೇ ಸರಿ, ಆದರೆ ಅದು ಯಾರ ಮೇಲೆ ಹೋಗುತ್ತಿದೆ ಎಂದು ನೋಡಬೇಕಲ್ಲವೇ ಎಂದು ಹೇಳಿ, ಅವನನ್ನು ಕೂರಿಸಿಕೊಂಡು ಕತೆ ತೆಗೆದರು.

ಒಂದು ಊರು. ಊರಿಗೆ ಒಂದೇ ಬೀದಿ. ಬೀದಿಯ ಎರಡೂ ಕಡೆ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿದ್ದವು. ಹಿತ್ತಲಿಗೆ ಹೋಗಬೇಕಾದರೆ ಯಾರದಾದರೂ ಮನೆಯೊಳಗಿಂದಲೇ ಹೋಗಬೇಕು. ಹಿತ್ತಲುಗಳಲ್ಲಿ ಹುಲ್ಲಿನ ಬಣವೆಗಳಿದ್ದವು, ಅವಕ್ಕೆ ಆಗಾಗ ಬೆಂಕಿ ಬೀಳುತ್ತಿತ್ತು. ಅದಕ್ಕೆ ಊರವರು ಒಂದು ಕಟ್ಟಳೆ ಮಾಡಿಕೊಂಡಿದ್ದರು. ಹೆಗಲ ಮೇಲೆ ಒದ್ದೆ ಕಂಬಳಿ ಹೊತ್ತು ಬಂದವನಿಗೆ ಹೆಸರು ಕೇಳದೆ ಬಾಗಿಲು ತೆಗೆಯಬೇಕು. ನೀನು ಯಾರ ಮಗ, ಯಾವ ಮನೆಯವನು ಎಂದು ವಿಚಾರಿಸುತ್ತ ನಿಂತರೆ ಬೆಂಕಿ ಕಾಯುತ್ತದೆಯೇ? ಈ ಕಟ್ಟಳೆಯಿಂದಲೇ ಆ ಊರು ಉಳಿದಿತ್ತು.

ಅಲ್ಲೊಬ್ಬ ಕೇಡಿಗನಿದ್ದ. ಹೊರಗಿನವನಲ್ಲ, ಅಲ್ಲೇ ಹುಟ್ಟಿ ಅಲ್ಲಿಯ ಅನ್ನ ಉಂಡವನು. ತಾನಿದ್ದ ಮನೆಯನ್ನು ಹಾಳುಮಾಡಿ ತನ್ನಂಥವರ ಜೊತೆ ಬೀದಿಗಿಳಿದ. ಅವರಲ್ಲಿ ಹೆಚ್ಚಿನವರು ಬೀದಿಯ ನೂಕುನುಗ್ಗಲಿನಲ್ಲೇ ಸತ್ತರು. ಇವನು ಮಾತ್ರ ಜನರ ನಡುವೆ ಮರೆಯಾಗಿ ನಡೆದ. ದನದ ತೊಟ್ಟಿಯಲ್ಲಿ ಕಂಬಳಿ ಅದ್ದಿ ಹೆಗಲಿಗೆ ಹಾಕಿಕೊಂಡು ಒಬ್ಬ ಹೆಂಗಸಿನ ಬಾಗಿಲಿಗೆ ಒರಗಿ ನಿಂತ. ಅವಳು ಕಂಬಳಿ ನೋಡಿದಳು, ಬಾಗಿಲು ತೆಗೆದಳು.

ಅವನು ಹಿತ್ತಲಿಗೆ ಹೋಗಿ ಬಣವೆಯ ಹಿಂದೆ ಸದ್ದಿಲ್ಲದೆ ಕೂತ. ಬಹಳ ಕಾಲ ಅಲ್ಲೊಬ್ಬನಿದ್ದಾನೆ ಎಂದೇ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಗುಡಿಸಲು ಹಾಕಿದ, ಒಲೆ ಹೂಡಿದ, ಪಕ್ಕದ ಹಿತ್ತಲಿಗೂ ಕೈಚಾಚಿದ. ಆಗ ಊರು ಎಚ್ಚೆತ್ತು ಹೆಂಗಸನ್ನು ಬೈಯಿತು. ಊರಿಗಿಂತ ಹೆಚ್ಚಾಗಿ ಅವಳೇ ತನ್ನನ್ನು ಬೈದುಕೊಂಡಳು. ಇನ್ನು ಈ ಬಾಗಿಲೇ ಬೇಡವೆಂದು ಹಲಗೆ, ಮೊಳೆ ತಂದು ಒಳಗಿನಿಂದ ಹೊಡೆಯತೊಡಗಿದಳು.

ಅಷ್ಟರಲ್ಲಿ ಅವನ ಒಲೆಯ ಕಿಡಿ ಬಣವೆಗೆ ತಗುಲಿತು. ಹೊಗೆ ಕಂಡು ಬೀದಿಯ ಜನ ಓಡಿಬಂದು ಬಾಗಿಲು ತಟ್ಟಿದರು. ಅವಳು ಕಿಟಕಿಯಿಂದ ನೋಡಿದಳು. ಎಲ್ಲರ ಹೆಗಲ ಮೇಲೂ ಒದ್ದೆ ಕಂಬಳಿ.

“ಅವನ ಹೆಗಲ ಮೇಲೂ ಇಂಥದೇ ಕಂಬಳಿಯಿತ್ತು. ನಾನು ಯಾರನ್ನು ನಂಬಲಿ?” ಎಂದಳು.

ಮುಂದೆ ನಿಂತಿದ್ದ ಮುದುಕ ಹೇಳಿದ: “ಇತ್ತು ತಾಯಿ. ನಿನ್ನದೇನೂ ತಪ್ಪಿಲ್ಲ. ಆದರೆ ಅವನಿರುವಲ್ಲಿಗೆ ಹೋಗುವುದಕ್ಕೆ ನಮಗೂ ಬೇರೆ ದಾರಿಯಿಲ್ಲ.”

ಸುತ್ತಿಗೆ ಇನ್ನೂ ಅವಳ ಕೈಯಲ್ಲೇ ಇತ್ತು.

ಗುರುಗಳು ಅಲ್ಲಿಗೇ ನಿಲ್ಲಿಸಿದರು. ಅವಳು ಬಾಗಿಲು ತೆಗೆದಳೇ ಬುದ್ಧಿ ಎಂದು ಮರುಳಪ್ಪ ಕೇಳಿದ.

“ಇಷ್ಟನ್ನು ಹೋಗಿ ನಿನ್ನ ಅಕ್ಕನಿಗೆ ಹೇಳು, ಮುಂದಿನದನ್ನು ಅವಳೇ ಹೇಳಲಿ.”