ದೊರೆಯ ಪೇಟ ರೈಲು ಹತ್ತಿದ್ದು

“ಸೂರ್ಯ ನಮ್ಮನ್ನು ಕೇಳದೆ ಹುಟ್ಟಿದರೆ ಹುಟ್ಟಲಿ, ಅದು ಅವನ ಹಣೆಬರಹ. ಆದರೆ ನಾವು ಹತ್ತದೆ ರೈಲು ಹೊರಡಕೂಡದು!”

ಹೀಗೆಂದು ಹುಲಿಗುತ್ತಿಯ ದೊರೆ ಕೆಂಚಭೂಪಾಲ ಸಿಂಹಾಸನದ ತೋಳು ಗುದ್ದಿದ. ಊರಿಗೆ ಹೊಗೆಬಂಡಿ ಬರಲು ಶುರುವಾಗಿ ಇನ್ನೂ ಎಂಟು ದಿನ. ನಾಳೆ ಶನಿವಾರ ದೊರೆ ಮೊದಲ ಸಲ ಅದನ್ನು ಹತ್ತಿ ಭಾವನ ಊರಿಗೆ ಹೋಗಬೇಕಿತ್ತು.

“ಅಕಸ್ಮಾತ್ ಹೊರಟುಬಿಟ್ಟರೆ?” ದಿವಾನರು ಮೆಲ್ಲಗೆ ಕೇಳಿದರು.

“ಸ್ಟೇಷನ್ ಮಾಸ್ತರನ ತಲೆ ಬೋಳಿಸಿ ಕತ್ತೆಯ ಮೇಲೆ ಊರೆಲ್ಲ ಮೆರೆಸುತ್ತೇವೆ!”

ಸುದ್ದಿಗೆ ಕಾಲು ಬೇಕೇ? ಸಂಜೆಯೊಳಗೆ ಸ್ಟೇಷನ್ ಮಾಸ್ತರ ಪೊನ್ನುಸ್ವಾಮಿ ಓಡಿಬಂದು, ದೊರೆಗೆ ಪುರಾಣ ಹೇಳುವ ಅಳಸಿಂಗಯ್ಯನ ಜಗುಲಿಯ ಮೇಲೆ ಕುಸಿದು ಕೂತ.

“ಸ್ವಾಮೀ, ಗಾಡಿ ಹತ್ತಕ್ಕೆ ಬಂದು ಎರಡೇ ನಿಮಿಷ ನಿಲ್ಲೋದು. ಆ ಬಿಳಿ ಡ್ರೈವರು ಹೆತ್ತಪ್ಪ ಬಂದರೂ ಕಾಯೋನಲ್ಲ. ಹಸಿರು ಬಾವುಟ ಬೀಸದಿದ್ದರೆ ಕೆಲಸ ಹೋಗುತ್ತೆ, ಬೀಸಿದರೆ ತಲೆ ಬೋಳಾಗುತ್ತೆ. ಬರೋ ತಿಂಗಳು ಮಗಳ ಮದುವೆ. ಬೀಗರ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ?”

ಅಳಸಿಂಗಯ್ಯನಿಗೆ ಅಯ್ಯೋ ಎನಿಸಿತು. ದೊರೆ ಕೆಟ್ಟವನಲ್ಲ, ಕೋಪ ಮಾತ್ರ ಮೂಗಿನ ತುದಿಯಲ್ಲಿ. ಮೇಲಾಗಿ, ಸ್ನಾನ, ಪೂಜೆ, ಊಟ, ತಾಂಬೂಲ ಮುಗಿಸಿ ಆತ ಹನ್ನೊಂದಕ್ಕೆ ಮುಂಚೆ ಹೊಸ್ತಿಲು ದಾಟಿದ್ದನ್ನು ಕಂಡವರೇ ಇಲ್ಲ.

“ನೀವು ಹತ್ತಕ್ಕೆ ಸರಿಯಾಗಿ ಬಾವುಟ ಬೀಸಿ, ಮಾಸ್ತರೇ. ನಿಮ್ಮ ಜುಟ್ಟಿಗೆ ನಾನು ಹೊಣೆ” ಎಂದ ಅಳಸಿಂಗಯ್ಯ.

ಮರುದಿನ ಬೆಳಿಗ್ಗೆ ಏಳಕ್ಕೇ ಅರಮನೆಗೆ ಹೋದ.

“ಮಹಾಪ್ರಭು, ಇವತ್ತು ಶನಿವಾರ. ಒಂಬತ್ತರಿಂದ ಹತ್ತೂವರೆ ರಾಹುಕಾಲ. ಗಾಡಿ ಹತ್ತಕ್ಕೆ.”

“ಅಯ್ಯೋ, ಹೌದಲ್ಲ! ಇರಲಿ, ರಾಹುಕಾಲ ಕಳೆದ ಮೇಲೇ ಬರುತ್ತೇವೆ. ಗಾಡಿ ಕಾಯಲಿ.”

“ಕಾಯಲಿ, ಕಾಯಲಿ. ಆದರೆ ಎಂಟು ಗಂಟೆಗೆ ಒಳ್ಳೆಯ ಮುಹೂರ್ತವಿದೆ. ಅದನ್ನು ಯಾಕೆ ಬಿಡಬೇಕು? ಪ್ರಸ್ಥಾನ ಇಟ್ಟುಬಿಡೋಣ.”

ಪ್ರಸ್ಥಾನವೆಂದರೆ ಆ ಸೀಮೆಯವರಿಗೆಲ್ಲ ಗೊತ್ತು. ನಾವು ಹೊರಡುವ ಗಳಿಗೆ ಸರಿಯಿಲ್ಲದಿದ್ದರೆ, ನಾವು ತೊಡುವ ಒಂದು ವಸ್ತುವನ್ನು ಒಳ್ಳೆಯ ಗಳಿಗೆಯಲ್ಲಿ ಮನೆಯಿಂದ ಆಚೆ ಕಳಿಸಿಬಿಡುವುದು. ಅದು ಹೊರಟರೆ ನಾವು ಹೊರಟಂತೆ.

“ಏನು ಕಳಿಸೋಣ?” ಎಂದ ದೊರೆ.

“ದೊರೆತನವೆಲ್ಲ ಇರುವುದು ಪೇಟದಲ್ಲಿ, ಮುದ್ರೆಯುಂಗುರದಲ್ಲಿ. ಅವೆರಡೂ ಹೋಗಲಿ. ಗಾಡಿ ಬಂದೊಡನೆ ಮೆತ್ತನೆಯ ಸೀಟಿನ ಮೇಲೆ ಕೂರಿಸಿಬಿಡುತ್ತೇನೆ.”

“ಭೇಷ್! ನಮ್ಮ ಪೇಟ ಕಂಡರೇ ಆ ಗಾಡಿ ನಡುಗಿ ನಿಂತುಬಿಡುತ್ತೆ!”

“ಒಂದೇ ಅನುಮಾನ, ಪ್ರಭು. ಪೇಟ ಹೋದರೆ ದೊರೆ ಹೋದಂತೆ ಹೇಗಾದೀತು ಅಂತ ಈಗಿನ ಕಾಲದ ಯಾರಾದರೂ ಕೇಳಿದರೆ?”

ದೊರೆಯ ಮೀಸೆ ಎದ್ದು ನಿಂತಿತು. “ಶಾಸ್ತ್ರವನ್ನೇ ಪ್ರಶ್ನೆ ಮಾಡುವವನು ಯಾವನು? ಎಂಟು ಗಂಟೆಗೆ ನಾವು ಹೊರಟಾಯಿತು! ಹೊರಟಿಲ್ಲ ಎಂದವನ ಬೆನ್ನಿಗೆ ಹನ್ನೆರಡು ಛಡಿ ಏಟು! ಡಂಗುರ ಸಾರಿಸಿ!”

ಡಂಗುರ ಸಾರಿದರು. ಪೇಟ, ಉಂಗುರ ಎರಡೂ ಬೆಳ್ಳಿತಟ್ಟೆಯಲ್ಲಿ ವಾದ್ಯದ ಸಮೇತ ಸ್ಟೇಷನ್ನಿಗೆ ಹೋದವು. ಹತ್ತಕ್ಕೆ ಗಾಡಿ ಬುಸುಗುಡುತ್ತ ಬಂತು. ಅಳಸಿಂಗಯ್ಯ ತಟ್ಟೆಯನ್ನು ಸೀಟಿನ ಮೇಲಿಟ್ಟು, ಕಾವಲಿಗೊಬ್ಬ ಸೇವಕನನ್ನು ಕೂರಿಸಿ ಕೆಳಗಿಳಿದ. ಪೊನ್ನುಸ್ವಾಮಿ ಕಣ್ಣು ಮುಚ್ಚಿಕೊಂಡೇ ಬಾವುಟ ಬೀಸಿದ.

ಕೂ ಎಂಬ ಶಿಳ್ಳೆ ಕೇಳಿದಾಗ ದೊರೆ ಎಂಟನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ. “ನಮ್ಮನ್ನು ಕರೀತಾ ಇದೆ, ಪಾಪ” ಎಂದ.

ಹನ್ನೊಂದೂಕಾಲಿಗೆ ಬರಿದಲೆಯಲ್ಲಿ ಆನೆಯಿಂದಿಳಿದು ನೋಡುತ್ತಾನೆ, ಕಂಬಿಯ ಮೇಲೆ ಒಂದು ಕಾಗೆ ಕೂತಿದೆ, ಅಷ್ಟೇ.

“ಎಲ್ಲಿ ಆ ಮಾಸ್ತರ? ಕರೆಸಿ ಕ್ಷೌರಿಕನನ್ನು! ಹಿಡಿದು ತನ್ನಿ ಕತ್ತೆಯನ್ನು!”

ಕ್ಷೌರಿಕನೂ ಬಂದ, ಕತ್ತೆಯೂ ಬಂತು. ಕ್ಷೌರಿಕ ಕತ್ತಿ ಮಸೆದ. ಪೊನ್ನುಸ್ವಾಮಿ ಜುಟ್ಟು ಬಿಚ್ಚಿದ. ಆಗ ಅಳಸಿಂಗಯ್ಯ ನಡುವೆ ಬಂದು ನಿಂತ.

“ತಡಿಯಪ್ಪಾ! ಇದು ಯಾರ ಅಪ್ಪಣೆ?”

“ನಮ್ಮದು!” ದೊರೆ ಗರ್ಜಿಸಿದ.

“ತಾವು ಯಾರು?”

ದಿವಾನರು ಮೆಲ್ಲಗೆ ಆನೆಯ ಹಿಂದಕ್ಕೆ ಸರಿದರು.

“ನಾವು ಯಾರು ಅಂತೀಯಾ? ನಾವು ಹುಲಿಗುತ್ತಿಯ ದೊರೆ!”

“ಛೆ, ಛೆ! ದೊರೆಗಳು ಎಂಟು ಗಂಟೆಗೇ ಹೊರಟರಲ್ಲ. ಗಾಡಿ ಅವರನ್ನು ಹತ್ತಿಸಿಕೊಂಡೇ ಹೋಯಿತು, ನಾನೇ ಕೂರಿಸಿದೆ. ಮಾಸ್ತರರ ತಪ್ಪೇನು ಬಂತು? ಇನ್ನು ದೊರೆಗಳು ಹೊರಟಿಲ್ಲ ಅಂತೀರಾ, ಬೆನ್ನಿಗೆ ಹನ್ನೆರಡು ಏಟು. ಡಂಗುರ ಕೇಳಿಸಲಿಲ್ಲವೇ?”

ದೊರೆ ಬಾಯಿ ತೆರೆದ. ಬೆನ್ನು ಮುಟ್ಟಿ ನೋಡಿಕೊಂಡ. ಬಾಯಿ ಮುಚ್ಚಿದ. ಕೊನೆಗೆ ಸಣ್ಣ ದನಿಯಲ್ಲಿ ಕೇಳಿದ:

“ಹಾಗಾದರೆ ಇಲ್ಲಿ ನಿಂತಿರೋದು ಏನಯ್ಯಾ?”

“ದೊರೆಗಳು ಮುಂದೆ ಹೋದರು, ಸಾಮಾನು ಹಿಂದೆ ಉಳಿದಿದೆ. ನಾಳಿನ ಗಾಡಿಗೆ ಹಾಕಿ ಕಳಿಸೋಣ.”

ದೊರೆಯ ಹೊಟ್ಟೆ ಮೊದಲು ಕುಲುಕಿತು, ಹಿಂದೆಯೇ ನಗು ಬಂತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ಹೆಗಲ ಶಾಲು ತೆಗೆದು ಅಳಸಿಂಗಯ್ಯನಿಗೆ ಹೊದಿಸಿದ. ಪೊನ್ನುಸ್ವಾಮಿಗೆ ಮಗಳ ಮದುವೆಯ ಮೆರವಣಿಗೆಗೆಂದು ಆನೆಯನ್ನೇ ಕೊಡುವುದಾಗಿ ಹೇಳಿದ. ಕತ್ತೆ ಮನೆಗೆ ಹೋಯಿತು.

ಮರುದಿನ ಒಂಬತ್ತು ಗಂಟೆಗೆ ಪೊನ್ನುಸ್ವಾಮಿ ಸ್ಟೇಷನ್ನಿನ ಬಾಗಿಲು ತೆಗೆದರೆ, ದೊರೆ ಆಗಲೇ ಬೆಂಚಿನ ಮೇಲೆ ಕೂತಿದ್ದಾನೆ, ಮಡಿಲಲ್ಲಿ ಹೋಳಿಗೆಯ ಬುತ್ತಿ.

“ಮಾಸ್ತರೇ, ಸಾಮಾನು ಬಂದಿದೆ. ಜೋಪಾನವಾಗಿ ಹತ್ತಿಸಿ, ಒಳಗೆ ತುಪ್ಪ ಇದೆ!”